ಕೆಲಸದಿಂದ ತೆಗೆದ ಮೇಲೂ ಸಂಬಳ ಯಾಕೆ?

ಪ್ರಶ್ನೆ: ನನ್ನ ಮಗಳು ಅಮೆರಿಕದ ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಓದುತ್ತಿದ್ದಾಳೆ. ಅಲ್ಲಿನ ಫುಟ್‌ಬಾಲ್ ಕೋಚ್ ಒಬ್ಬರನ್ನು ಕೆಲಸದಿಂದ ತೆಗೆದು ಬಹಳ ಕಾಲವಾಯಿತಂತೆ. ಆದರೂ 2031ರವರೆಗೆ ಅವರಿಗೆ ಕೋಟಿಗಟ್ಟಲೆ ದುಡ್ಡು ಕೊಡುತ್ತಲೇ ಇರಬೇಕಂತೆ. ಒಂದು ವಿದ್ಯಾಸಂಸ್ಥೆ ಇಂಥ ಒಪ್ಪಂದಕ್ಕೆ ಯಾಕೆ ಸಹಿ ಹಾಕುತ್ತದೆ? ನಾವು ಕಟ್ಟುವ ಫೀಸೂ ಅದಕ್ಕೇ ಹೋಗುತ್ತದೆಯೆ?
ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಮಗಳು ಹೇಳಿದ್ದರಲ್ಲಿ ಉತ್ಪ್ರೇಕ್ಷೆ ಏನೂ ಇಲ್ಲ. ಆ ಕೋಚ್ ಹೆಸರು ಜಿಂಬೊ ಫಿಶರ್. 2023ರ ನವೆಂಬರ್ 11, ಶನಿವಾರ, ಅವರ ತಂಡ ಮಿಸಿಸಿಪ್ಪಿ ಸ್ಟೇಟ್ ತಂಡವನ್ನು 51–10ರಿಂದ ಬಗ್ಗುಬಡಿಯಿತು. ಮಾರನೆಯ ದಿನ ವಿಶ್ವವಿದ್ಯಾಲಯ ಅವರನ್ನು ಮನೆಗೆ ಕಳಿಸಿತು. ಹಾಗೆ ಕಳಿಸಿದ್ದಕ್ಕೆ ತೆರಬೇಕಾದ ಬೆಲೆ 7.6 ಕೋಟಿ ಡಾಲರ್‌ಗೂ ಹೆಚ್ಚು. ಅಂದಿನ ದರದಲ್ಲಿ ಸುಮಾರು 630 ಕೋಟಿ ರೂಪಾಯಿ. ಮೊದಲ ಅರವತ್ತು ದಿನದೊಳಗೆ ಸುಮಾರು 1.9 ಕೋಟಿ ಡಾಲರ್, ಆಮೇಲೆ ವರ್ಷಕ್ಕೆ 72 ಲಕ್ಷದಂತೆ 2031ರವರೆಗೆ. ಈ ನಡುವೆ ಫಿಶರ್ ಬೇರೆ ಕಡೆ ಕೆಲಸ ಹಿಡಿದರೂ ಇದರಲ್ಲಿ ಒಂದು ಡಾಲರೂ ಮುರಿದುಕೊಳ್ಳುವಂತಿಲ್ಲ.

ಇದಕ್ಕಿಂತ ವಿಚಿತ್ರವಾದ ಸಂಗತಿ ಇನ್ನೊಂದಿದೆ. 2017ರ ಕೊನೆಯಲ್ಲಿ ಫ್ಲಾರಿಡಾ ಸ್ಟೇಟ್‌ನಿಂದ ಫಿಶರ್ ಅವರನ್ನು ಕರೆತಂದಾಗ ಆದ ಒಪ್ಪಂದ ಹತ್ತು ವರ್ಷಕ್ಕೆ 7.5 ಕೋಟಿ ಡಾಲರ್, ಪೂರ್ತಿ ಖಾತರಿ. ಅದು 2027ಕ್ಕೆ ಮುಗಿಯಬೇಕಿತ್ತು. ಅದೊಂದೇ ಇದ್ದಿದ್ದರೆ 2023ರಲ್ಲಿ ತೆಗೆದಾಗ ಬಾಕಿ ಉಳಿಯುತ್ತಿದ್ದದ್ದು ಮೂರು ಕೋಟಿ ಡಾಲರ್ ಆಸುಪಾಸು. ಉಳಿದ ನಾಲ್ಕೂವರೆ ಕೋಟಿ ಹುಟ್ಟಿದ್ದು 2021ರ ಸೀಸನ್ ಶುರುವಾಗುವ ಹೊತ್ತಿಗೆ ಬಿದ್ದ ಇನ್ನೊಂದು ಸಹಿಯಿಂದ. ಅದಕ್ಕೂ ಹಿಂದಿನ ವರ್ಷ ತಂಡ ಹತ್ತು ಪಂದ್ಯದಲ್ಲಿ ಒಂಬತ್ತು ಗೆದ್ದು ದೇಶಕ್ಕೆ ನಾಲ್ಕನೆಯದಾಗಿತ್ತು. ಹಳೆಯ ಒಪ್ಪಂದದಲ್ಲಿ ಇನ್ನೂ ಆರು ವರ್ಷ ಬಾಕಿ ಇತ್ತು. ಆದರೂ ಮತ್ತೆ ನಾಲ್ಕು ವರ್ಷ ಸೇರಿಸಿ, ವರ್ಷದ ಸಂಬಳವನ್ನು 75 ಲಕ್ಷದಿಂದ 90 ಲಕ್ಷ ಡಾಲರ್‌ಗೆ ಏರಿಸಿದರು.

ಹಾಗಾಗಿ ನಿಮ್ಮ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿಕೊಳ್ಳುತ್ತೇನೆ. ತೆಗೆದ ಮೇಲೆ ಯಾಕೆ ಕೊಡುತ್ತಾರೆ ಎಂಬುದಕ್ಕೆ ಉತ್ತರ ಸುಲಭ: ಕೊಡುತ್ತೇವೆಂದು ಬರೆದುಕೊಟ್ಟಿದ್ದಾರೆ, ಕೊಡದಿದ್ದರೆ ಕೋರ್ಟು. ಆರು ವರ್ಷ ಬಾಕಿ ಇರುವ ಮನುಷ್ಯನಿಗೆ ಇನ್ನೂ ನಾಲ್ಕು ವರ್ಷ ಯಾಕೆ ಕೊಟ್ಟರು ಎಂಬುದೇ ಕೇಳಬೇಕಾದ ಮಾತು.

ಮೊದಲು ಆಟದ ಬಗ್ಗೆ ಎರಡು ಮಾತು. ಇದು ನಾವು ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ. ಹೆಲ್ಮೆಟ್ ತೊಟ್ಟು, ಮೊಟ್ಟೆಯಾಕಾರದ ಚೆಂಡನ್ನು ಎದೆಗವಚಿಕೊಂಡು ನುಗ್ಗುವ ಅಮೆರಿಕನ್ ಫುಟ್‌ಬಾಲ್. ಆಡುವವರು ವಿದ್ಯಾರ್ಥಿಗಳೇ. ನೋಡುವವರು ಮಾತ್ರ ಇಡೀ ರಾಜ್ಯ. ನಿಮ್ಮ ಮಗಳ ವಿಶ್ವವಿದ್ಯಾಲಯದ ಕೈಲ್ ಫೀಲ್ಡ್ ಕ್ರೀಡಾಂಗಣದಲ್ಲಿ 1,02,733 ಜನ ಕೂರಬಹುದು. ಮಿಶಿಗನ್‌ನ ಕ್ರೀಡಾಂಗಣದಲ್ಲಿ 1,07,601. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣವನ್ನು ಎರಡು ಸಲ ತುಂಬಿಸಿದರೂ ಅಷ್ಟು ಜನ ಆಗುವುದಿಲ್ಲ. ನಮ್ಮಲ್ಲಿ ಮೈಸೂರು ವಿಶ್ವವಿದ್ಯಾಲಯದ ಕ್ರಿಕೆಟ್ ತಂಡಕ್ಕೆ ಕೋಚ್ ಯಾರೆಂದು ಕೇಳಿದರೆ ಮೈಸೂರಿನವರೇ ತಲೆ ಕೆರೆದುಕೊಂಡಾರು. ಅಲ್ಲಿ ಬಹುಪಾಲು ರಾಜ್ಯಗಳಲ್ಲಿ ಸರ್ಕಾರದ ಖಾತೆಯಲ್ಲಿ ಅತಿ ಹೆಚ್ಚು ಸಂಬಳ ಪಡೆಯುವ ನೌಕರ ಗವರ್ನರೂ ಅಲ್ಲ, ಕುಲಪತಿಯೂ ಅಲ್ಲ. ಸರ್ಕಾರಿ ವಿಶ್ವವಿದ್ಯಾಲಯದ ಫುಟ್‌ಬಾಲ್ ಕೋಚ್, ಇಲ್ಲವೇ ಬಾಸ್ಕೆಟ್‌ಬಾಲ್ ಕೋಚ್.

ಇದು ಹಿಂದಿನಿಂದಲೂ ಹೀಗೆಯೇ ಇರಲಿಲ್ಲ. 1982ರಲ್ಲಿ ಇದೇ ಟೆಕ್ಸಸ್ ಎ ಅಂಡ್ ಎಂ, ಜಾಕಿ ಶೆರಿಲ್ ಎಂಬ ಕೋಚ್‌ಗೆ ಆರು ವರ್ಷಕ್ಕೆ 17 ಲಕ್ಷ ಡಾಲರ್ ಮೀರಿದ ಒಪ್ಪಂದ ಕೊಟ್ಟಾಗ ದೇಶವೇ ಹುಬ್ಬೇರಿಸಿತ್ತು. ಪಾಠ ಹೇಳುವವರಿಗೆ ಇಷ್ಟೇ, ಆಟ ಆಡಿಸುವವರಿಗೆ ಅಷ್ಟೊಂದೆ ಎಂದು ಪತ್ರಿಕೆಗಳಲ್ಲಿ ದೊಡ್ಡ ಚರ್ಚೆ ನಡೆಯಿತು. ಇಂದು ಅಷ್ಟು ಹಣ ಫಿಶರ್ ಅವರಿಗೆ, ಕೆಲಸವಿಲ್ಲದೆ, ಮೂರು ತಿಂಗಳಲ್ಲಿ ಸಿಗುತ್ತದೆ.

ನಡುವೆ ಆದದ್ದೇನು? ಟಿವಿ. ಯಾವ ಪಂದ್ಯ ಟಿವಿಯಲ್ಲಿ ಬರಬೇಕೆಂದು 1984ರವರೆಗೆ ಎನ್‌ಸಿಎಎ ಎಂಬ ಕಾಲೇಜು ಕ್ರೀಡಾ ಸಂಸ್ಥೆ ಒಂದೇ ತೀರ್ಮಾನಿಸುತ್ತಿತ್ತು. ಓಕ್ಲಹೋಮಾ ವಿಶ್ವವಿದ್ಯಾಲಯ ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟ್ ಆ ಏಕಸ್ವಾಮ್ಯವನ್ನು ಮುರಿಯಿತು. ಅಂದಿನಿಂದ ವಿಶ್ವವಿದ್ಯಾಲಯಗಳ ಕೂಟಗಳು ತಮ್ಮ ಪಂದ್ಯಗಳನ್ನು ತಾವೇ ಮಾರತೊಡಗಿದವು. ಬಿಗ್ ಟೆನ್ ಎಂಬ ಕೂಟ 2022ರಲ್ಲಿ ಮಾಡಿಕೊಂಡ ಟಿವಿ ಒಪ್ಪಂದ ಏಳು ವರ್ಷಕ್ಕೆ 700 ಕೋಟಿ ಡಾಲರ್ ಮೀರಿದ್ದು.

ದುಡ್ಡು ಬಂತು. ಆದರೆ ಅದನ್ನು ಆಟಗಾರರಿಗೆ ಕೊಡುವಂತಿರಲಿಲ್ಲ. ಅವರು ಹವ್ಯಾಸಿಗಳು, ವಿದ್ಯಾರ್ಥಿಗಳು. ಫೀಸು, ಊಟ, ವಸತಿ ಬಿಟ್ಟರೆ ಮತ್ತೇನೂ ಸಲ್ಲದು ಎಂಬುದು ಎನ್‌ಸಿಎಎ ಹಿಡಿದ ಹಟ. ಕೋಚ್‌ಗಳ ಸಂಬಳಕ್ಕೂ ಮಿತಿ ಹಾಕಲು ಅದೇ ಸಂಸ್ಥೆ ಒಮ್ಮೆ ಹೊರಟಿತ್ತು. 1990ರ ದಶಕದಲ್ಲಿ ಒಂದು ದರ್ಜೆಯ ಸಹಾಯಕ ಕೋಚ್‌ಗಳಿಗೆ ವರ್ಷಕ್ಕೆ 16 ಸಾವಿರ ಡಾಲರ್ ಮೀರಬಾರದೆಂದು ನಿಯಮ ಮಾಡಿತು. ಬಾಸ್ಕೆಟ್‌ಬಾಲ್ ಸಹಾಯಕರು ಕೋರ್ಟಿಗೆ ಹೋದರು. 1998ರಲ್ಲಿ ಮೇಲ್ಮನವಿ ನ್ಯಾಯಾಲಯ ಅದು ಸ್ಪರ್ಧಾ ಕಾನೂನಿಗೆ ವಿರುದ್ಧ ಎಂದಿತು. ಎನ್‌ಸಿಎಎ 5.45 ಕೋಟಿ ಡಾಲರ್ ಪರಿಹಾರ ತೆತ್ತು ಕೈ ತೊಳೆದುಕೊಂಡಿತು. ಆಮೇಲೆ ಮುಖ್ಯ ಕೋಚ್‌ಗಳ ಸಂಬಳದ ತಂಟೆಗೆ ಅದು ಹೋಗಿಲ್ಲ. ಆಟಗಾರನ ಕಡೆಯ ಬಾಗಿಲಿಗೆ ಬೀಗ, ಕೋಚ್ ಕಡೆಯ ಬಾಗಿಲು ಹಾರುಹೊಡೆದು ತೆರೆದಿತ್ತು. ಹಣ ಎತ್ತ ಹೋಗಬೇಕೋ ಅತ್ತ ಹೋಯಿತು.

ಈಗ ಆ ಬೀಗವೂ ಅರ್ಧ ತೆರೆದಿದೆ. 2025ರ ಜೂನ್‌ನಲ್ಲಿ ಕೋರ್ಟ್ ಒಪ್ಪಿದ ರಾಜಿಯಂತೆ ವಿಶ್ವವಿದ್ಯಾಲಯಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಆದರೆ ಅದಕ್ಕೆ ಮಿತಿ ಉಂಟು: ಮೊದಲ ವರ್ಷ ಒಂದು ವಿಶ್ವವಿದ್ಯಾಲಯದ ಎಲ್ಲ ಆಟಗಳ ಎಲ್ಲ ಆಟಗಾರರಿಗೂ ಸೇರಿ 2.05 ಕೋಟಿ ಡಾಲರ್. ನೂರಾರು ಹುಡುಗ ಹುಡುಗಿಯರು ಹಂಚಿಕೊಳ್ಳಬೇಕಾದ ಈ ಮೊತ್ತವನ್ನು, ಫಿಶರ್‌ಗೆ ಮೊದಲ ಅರವತ್ತು ದಿನದಲ್ಲಿ ಕೊಟ್ಟ ಮೊತ್ತದ ಪಕ್ಕ ಇಟ್ಟು ನೋಡಿ.

ಇನ್ನು ವಿಸ್ತರಣೆಯ ವಿಷಯ. ಇದಕ್ಕೆ ಹಳೆಯ ಕಾಲದಿಂದ ಒಂದು ಸಮರ್ಥನೆ ಇದೆ, ಅದು ಪೊಳ್ಳೂ ಅಲ್ಲ. ಕಾಲೇಜು ಕೋಚ್ ಹೈಸ್ಕೂಲಿನ ಹದಿನೇಳು ವರ್ಷದ ಹುಡುಗರ ಮನೆಗೆ ಹೋಗಿ, ಅಪ್ಪ ಅಮ್ಮನ ಎದುರು ಕೂತು, ನಿಮ್ಮ ಮಗನನ್ನು ನಾಲ್ಕು ವರ್ಷ ನಾನು ನೋಡಿಕೊಳ್ಳುತ್ತೇನೆ ಎಂದು ಮಾತು ಕೊಡಬೇಕು. ಅವರ ಒಪ್ಪಂದದಲ್ಲಿ ಎರಡೇ ವರ್ಷ ಉಳಿದಿದ್ದರೆ ಎದುರಾಳಿ ಕೋಚ್ ಅದೇ ಮನೆಗೆ ಹೋಗಿ, ಅವರೇ ಅಲ್ಲಿರುವುದಿಲ್ಲವಲ್ಲ ಎನ್ನುತ್ತಾರೆ. ಆದ್ದರಿಂದ ಒಪ್ಪಂದದಲ್ಲಿ ಯಾವಾಗಲೂ ನಾಲ್ಕೈದು ವರ್ಷ ಬಾಕಿ ತೋರಿಸುವುದು, ವರ್ಷ ಕಳೆದಂತೆ ವರ್ಷ ಸೇರಿಸುತ್ತಾ ಹೋಗುವುದು ರೂಢಿಯಾಯಿತು. ವಿಸ್ತರಣೆ ಹುಟ್ಟಿದ್ದು ಹೀಗೆ.

ಆದರೆ ಈ ಸಮರ್ಥನೆಯ ಬುಡ 2021ರಲ್ಲೇ ಅಲುಗಿತು. ಆ ವರ್ಷದಿಂದ ಆಟಗಾರರು ಒಂದು ವಿಶ್ವವಿದ್ಯಾಲಯ ಬಿಟ್ಟು ಇನ್ನೊಂದಕ್ಕೆ ಸೇರಿ, ಮೊದಲಿನಂತೆ ಒಂದು ವರ್ಷ ಹೊರಗೆ ಕೂರದೆ, ಕೂಡಲೇ ಆಡಬಹುದು. ಹುಡುಗನೇ ವರ್ಷ ವರ್ಷ ಊರು ಬದಲಿಸುವಾಗ ಕೋಚ್ ಹತ್ತು ವರ್ಷ ಇರುತ್ತಾರೆಂಬ ಭರವಸೆ ಯಾರಿಗೆ ಬೇಕು? ಕಾರಣ ಸತ್ತಿತು. ಒಪ್ಪಂದಗಳು ಮಾತ್ರ ಅದೇ ವರ್ಷದಿಂದ ದಿಢೀರನೆ ದೊಡ್ಡವಾದವು. ಹಾಗಾದರೆ ಅಸಲು ಕಾರಣ ಬೇರೆಯೇ ಇರಬೇಕು. ನನ್ನ ಮಟ್ಟಿಗೆ ಅದು ಭಯ, ಅದರಲ್ಲೂ ನವೆಂಬರ್ ತಿಂಗಳ ಭಯ.

ಆ ತಿಂಗಳು ಸೀಸನ್ ಮುಗಿಯುತ್ತ ಬಂದಿರುತ್ತದೆ. ಸೋತ ವಿಶ್ವವಿದ್ಯಾಲಯಗಳು ಕೋಚ್‌ಗಳನ್ನು ತೆಗೆಯುತ್ತವೆ. ಗೆದ್ದ ವಿಶ್ವವಿದ್ಯಾಲಯಗಳು ತಮ್ಮವರನ್ನು ಯಾರು ಹಾರಿಸಿಕೊಂಡು ಹೋಗುತ್ತಾರೋ ಎಂದು ನಿದ್ದೆಗೆಡುತ್ತವೆ. ಏಜೆಂಟರಿಗೆ ಇದು ಸುಗ್ಗಿ. ದನದ ಜಾತ್ರೆಯಲ್ಲಿ ದಲ್ಲಾಳಿಗಳು ಟವೆಲಿನಡಿ ಬೆರಳು ಮುಟ್ಟಿ ಬೆಲೆ ಹೇಳುವುದನ್ನು ನೀವು ನೋಡಿರಬಹುದು. ಈ ವ್ಯಾಪಾರವೂ ಹೆಚ್ಚುಕಡಿಮೆ ಹಾಗೆಯೇ, ಆದರೆ ಇಲ್ಲಿ ಕೊಳ್ಳುವವರ ಕಡೆ ಟವೆಲ್ ಇರುವುದಿಲ್ಲ. ಸರ್ಕಾರಿ ವಿಶ್ವವಿದ್ಯಾಲಯದ ಒಪ್ಪಂದಗಳು ಸಾರ್ವಜನಿಕ ದಾಖಲೆ. ಯಾರಿಗೆ ಎಷ್ಟು, ಯಾವ ಷರತ್ತು ಎಂಬುದೆಲ್ಲ ಪತ್ರಿಕೆಯಲ್ಲಿ ಅಚ್ಚಾಗಿರುತ್ತದೆ. ಹಾಗಾಗಿ ಪಕ್ಕದ ರಾಜ್ಯದಲ್ಲಿ ಏರಿದ ಬೆಲೆ ಇಲ್ಲಿ ಕನಿಷ್ಠ ಬೆಲೆಯಾಗುತ್ತದೆ. ಜಿಮ್ಮಿ ಸೆಕ್ಸ್‌ಟನ್ ಎಂಬ ಒಬ್ಬ ಏಜೆಂಟ್ ಕೈಯಲ್ಲೇ ನಿಕ್ ಸೇಬನ್, ಕರ್ಬಿ ಸ್ಮಾರ್ಟ್, ಲೇನ್ ಕಿಫಿನ್, ನಮ್ಮ ಫಿಶರ್ ಎಲ್ಲರೂ ಇದ್ದರು. ಖಾಲಿ ಇರುವ ಕುರ್ಚಿಗೆ ಒಬ್ಬ ಕೋಚ್‌ನ ಹೆಸರು ತೇಲಿಬಿಟ್ಟರೆ ಆತ ಅಲ್ಲಿಗೆ ಹೋಗಲೇಬೇಕೆಂದಿಲ್ಲ, ಇದ್ದಲ್ಲೇ ಸಂಬಳ ಏರುತ್ತದೆ.

2021ರ ನವೆಂಬರ್ ಇದಕ್ಕೆ ಒಳ್ಳೆಯ ನಿದರ್ಶನ. ಸದರ್ನ್ ಕ್ಯಾಲಿಫೋರ್ನಿಯಾ ಮತ್ತು ಲೂಸಿಯಾನಾ ಸ್ಟೇಟ್, ಅಂದರೆ ಎಲ್‌ಎಸ್‌ಯು, ಎರಡೂ ದೊಡ್ಡ ಕುರ್ಚಿಗಳಿಗೆ ಹೊಸಬರು ಬೇಕಿತ್ತು. ನವೆಂಬರ್ 20ರಂದು ಮಿಶಿಗನ್ ಸ್ಟೇಟ್ ತಂಡ ಒಹಾಯೊ ಸ್ಟೇಟ್ ಎದುರು 7–56ರಿಂದ ಮಣ್ಣು ಮುಕ್ಕಿತು. ಅದಾದ ನಾಲ್ಕನೆಯ ದಿನಕ್ಕೆ ಅದೇ ತಂಡದ ಕೋಚ್ ಮೆಲ್ ಟಕರ್‌ಗೆ ಹತ್ತು ವರ್ಷಕ್ಕೆ 9.5 ಕೋಟಿ ಡಾಲರ್ ಒಪ್ಪಂದ ಘೋಷಣೆಯಾಯಿತು, ಅದೂ ಪೂರ್ತಿ ಖಾತರಿಯೊಂದಿಗೆ, ಇಬ್ಬರು ಸಿರಿವಂತ ಹಳೆಯ ವಿದ್ಯಾರ್ಥಿಗಳ ದುಡ್ಡಿನ ಬೆಂಬಲದಲ್ಲಿ. ಅದಕ್ಕೆ ಒಂದು ದಿನ ಮೊದಲು ಪೆನ್ ಸ್ಟೇಟ್ ತನ್ನ ಕೋಚ್ ಜೇಮ್ಸ್ ಫ್ರಾಂಕ್ಲಿನ್‌ಗೆ ಹತ್ತು ವರ್ಷದ 7.5 ಕೋಟಿ ಡಾಲರ್ ಒಪ್ಪಂದ ಕೊಟ್ಟಿತ್ತು. ಆ ಸೀಸನ್‌ನಲ್ಲಿ ಅವರ ತಂಡ ಅಷ್ಟರಲ್ಲಾಗಲೇ ನಾಲ್ಕು ಪಂದ್ಯ ಸೋತಿತ್ತು. ವಾರ ಕಳೆಯುವುದರೊಳಗೆ ಎಲ್‌ಎಸ್‌ಯು, ನೋಟರ್ ಡೇಮ್‌ನಿಂದ ಬ್ರಯನ್ ಕೆಲ್ಲಿಯವರನ್ನು ಹತ್ತು ವರ್ಷಕ್ಕೆ 9.5 ಕೋಟಿ ಡಾಲರ್ ಕೊಟ್ಟು ತಂದಿತು.

ಈ ಮೂವರಲ್ಲಿ ಯಾರೂ ಅಲ್ಲಿ ಉಳಿದಿಲ್ಲ. ಟಕರ್ ಅವರನ್ನು 2023ರಲ್ಲಿ ಲೈಂಗಿಕ ಕಿರುಕುಳದ ದೂರಿನ ಬೆನ್ನಲ್ಲೇ ವಜಾ ಮಾಡಿದರು. ಅವರು ಆರೋಪ ಅಲ್ಲಗಳೆದರು. ದುರ್ನಡತೆಯ ಕಾರಣ ಕೊಟ್ಟು ವಜಾ ಮಾಡಿದರೆ ಬಾಕಿ ಹಣ ಕೊಡಬೇಕಿಲ್ಲ, ಆದ್ದರಿಂದ ಮಿಶಿಗನ್ ಸ್ಟೇಟ್ ಕೊಡಲಿಲ್ಲ. ಪಂದ್ಯ ಸೋಲುವುದು ದುರ್ನಡತೆ ಅಲ್ಲ. ಹಾಗಾಗಿ 2025ರ ಅಕ್ಟೋಬರ್‌ನಲ್ಲಿ ಹದಿನಾಲ್ಕು ದಿನದ ಅಂತರದಲ್ಲಿ ಫ್ರಾಂಕ್ಲಿನ್ ಮತ್ತು ಕೆಲ್ಲಿ ಇಬ್ಬರನ್ನೂ ತೆಗೆದಾಗ ಬಾಕಿ ಲೆಕ್ಕ ಎದ್ದು ಕೂತಿತು: ಪೆನ್ ಸ್ಟೇಟ್‌ಗೆ ಸುಮಾರು 4.9 ಕೋಟಿ ಡಾಲರ್, ಎಲ್‌ಎಸ್‌ಯುಗೆ ಸುಮಾರು 5.4 ಕೋಟಿ.

ಇಲ್ಲಿ ಒಪ್ಪಂದದ ಒಂದು ಸಾಲಿನ ಮಹಿಮೆ ನೋಡಿ. ಫ್ರಾಂಕ್ಲಿನ್ ಒಪ್ಪಂದದಲ್ಲಿ, ತೆಗೆದ ಮೇಲೆ ಬೇರೆ ಕೆಲಸ ಹುಡುಕಿಕೊಳ್ಳಬೇಕು, ಅಲ್ಲಿ ಸಿಗುವ ಸಂಬಳವನ್ನು ಬಾಕಿಯಲ್ಲಿ ಕಳೆಯಬೇಕು ಎಂಬ ಷರತ್ತಿತ್ತು. ನವೆಂಬರ್‌ನಲ್ಲಿ ವರ್ಜೀನಿಯಾ ಟೆಕ್ ಅವರನ್ನು ಕರೆಯಿತು. ಪೆನ್ ಸ್ಟೇಟ್ 90 ಲಕ್ಷ ಡಾಲರ್ ಕೊಟ್ಟು ಲೆಕ್ಕ ಚುಕ್ತಾ ಮಾಡಿಕೊಂಡಿತು. ನಾಲ್ಕು ಕೋಟಿ ಡಾಲರ್ ಉಳಿಯಿತು. ಫಿಶರ್ ಒಪ್ಪಂದದಲ್ಲಿ ಈ ಷರತ್ತು ಇರಲಿಲ್ಲ. ಅದನ್ನು ಸೇರಿಸಿ ಎಂದು ಯಾರೋ ಕೇಳಿರಬೇಕು, ಏಜೆಂಟ್ ತಲೆ ಅಲ್ಲಾಡಿಸಿರಬೇಕು, ಕೋಚ್ ಕೈತಪ್ಪಿ ಹೋಗಬಾರದೆಂದು ಇವರು ಸುಮ್ಮನಾಗಿರಬೇಕು. ಇದು ನನ್ನ ಊಹೆ. ಆದರೆ ಅವಸರದಲ್ಲಿರುವ ಗಿರಾಕಿಯ ಒಪ್ಪಂದಗಳೆಲ್ಲ ಓದಲು ಹೀಗೆಯೇ ಇರುತ್ತವೆ.

ಫ್ರಾಂಕ್ಲಿನ್ ವಜಾ ಆದದ್ದು 2025ರ ಅಕ್ಟೋಬರ್ 12ಕ್ಕೆ. ಪೆನ್ಸಿಲ್ವೇನಿಯಾದವರೇ ಆದ, ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿದ್ದ ಕೋಚ್ ಕರ್ಟ್ ಸಿಗ್ನೆಟಿ ಹೆಸರು ಆ ಕುರ್ಚಿಗೆ ಕೂಡಲೇ ಕೇಳಿಬಂತು. ನಾಲ್ಕೇ ದಿನದಲ್ಲಿ, ಅಕ್ಟೋಬರ್ 16ರಂದು, ಇಂಡಿಯಾನಾ ಅವರಿಗೆ ಎಂಟು ವರ್ಷದ, ಸುಮಾರು 9.3 ಕೋಟಿ ಡಾಲರ್‌ನ ಹೊಸ ಒಪ್ಪಂದ ಮಾಡಿಕೊಟ್ಟಿತು. ಅವರು ಅಲ್ಲಿಗೆ ಬಂದು ಎರಡು ವರ್ಷ ಆಗುವುದರೊಳಗೆ ಅದು ಮೂರನೆಯ ಒಪ್ಪಂದ. ಪೆನ್ ಸ್ಟೇಟ್‌ನಲ್ಲೇ ಓದಿದ್ದ, ನೆಬ್ರಾಸ್ಕಾದಲ್ಲಿದ್ದ ಮ್ಯಾಟ್ ರೂಲ್‌ಗೂ ಅದೇ ತಿಂಗಳ ಕೊನೆಗೆ ವಿಸ್ತರಣೆ ಸಿಕ್ಕಿತು. ಡಿಸೆಂಬರ್‌ನಲ್ಲಿ ಪೆನ್ ಸ್ಟೇಟ್ ಕಣ್ಣು ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಕಲಾನಿ ಸಿಟಾಕಿ ಮೇಲೆ ಬಿತ್ತು. ಅಲ್ಲಿಯೂ ಹೊಸ ದೀರ್ಘ ಒಪ್ಪಂದವಾಗಿ ಅವರು ಉಳಿದರು. ಕೊನೆಗೆ ಪೆನ್ ಸ್ಟೇಟ್ ಕುರ್ಚಿ ಸಿಕ್ಕಿದ್ದು ಅಯೋವಾ ಸ್ಟೇಟ್‌ನ ಮ್ಯಾಟ್ ಕ್ಯಾಂಪ್‌ಬೆಲ್‌ಗೆ. ಒಂದು ಊರಲ್ಲಿ ಒಬ್ಬರ ಕೆಲಸ ಹೋದದ್ದಕ್ಕೆ, ಆ ಕುರ್ಚಿಗೆ ಬಾರದ ಮೂವರ ಒಪ್ಪಂದ ಬೆಳೆಯಿತು.

ಸಿಗ್ನೆಟಿ ಕತೆಯನ್ನು ಅಷ್ಟಕ್ಕೇ ಬಿಟ್ಟರೆ ಅನ್ಯಾಯವಾಗುತ್ತದೆ. ಇಂಡಿಯಾನಾ ಫುಟ್‌ಬಾಲ್ ಅಂದರೆ ತಲೆತಲಾಂತರದಿಂದ ಸೋಲಿಗೆ ಹೆಸರು. ಆ ತಂಡ ಆ ಸೀಸನ್‌ನಲ್ಲಿ ಹದಿನಾರಕ್ಕೆ ಹದಿನಾರೂ ಗೆದ್ದು, 2026ರ ಜನವರಿಯಲ್ಲಿ ಮಯಾಮಿಯನ್ನು 27–21ರಿಂದ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆಯಿತು. ಇಂಥದ್ದೇ ಇನ್ನೊಂದು ಕತೆ ಅಲಬಾಮಾದ್ದು. 2007ರಲ್ಲಿ ನಿಕ್ ಸೇಬನ್‌ಗೆ ಎಂಟು ವರ್ಷಕ್ಕೆ 3.2 ಕೋಟಿ ಡಾಲರ್ ಎಂದಾಗ ಹುಚ್ಚುತನ ಎಂದವರಿದ್ದರು. ಸೇಬನ್ ಅಲ್ಲಿ ಆರು ರಾಷ್ಟ್ರೀಯ ಪ್ರಶಸ್ತಿ ಗೆದ್ದರು. ಸುಮಾರು 25 ಸಾವಿರ ಇದ್ದ ವಿದ್ಯಾರ್ಥಿಗಳ ಸಂಖ್ಯೆ ಹತ್ತೇ ವರ್ಷದಲ್ಲಿ 37 ಸಾವಿರ ದಾಟಿತು. ಹೊಸದಾಗಿ ಬಂದವರಲ್ಲಿ ಹೊರರಾಜ್ಯದವರೇ ಹೆಚ್ಚು, ಅವರು ಕಟ್ಟುವ ಫೀಸೂ ಹೆಚ್ಚು. ಇದೆಲ್ಲ ಫುಟ್‌ಬಾಲ್‌ನಿಂದಲೇ ಆಯಿತೆನ್ನಲು ಬಾರದು, ಫುಟ್‌ಬಾಲ್ ಇಲ್ಲದೆ ಆಗುತ್ತಿತ್ತೆನ್ನಲೂ ಬಾರದು. ಸಹಿ ಹಾಕುವವರ ಕಣ್ಣೆದುರು ಇರುವುದು ಸದಾ ಈ ಸೇಬನ್. ನಮ್ಮ ಕೋಚೂ ಅಂಥವರೇ, ಸ್ವಲ್ಪ ಕಾಲ ಬೇಕು ಅಷ್ಟೆ.

ಟೆಕ್ಸಸ್ ಎ ಅಂಡ್ ಎಂನಲ್ಲಿ ಈ ಆಸೆ ಎಷ್ಟು ಬಲವಾಗಿತ್ತೆಂದರೆ, ಫಿಶರ್ ಬಂದ ಹೊಸತರಲ್ಲೇ ಆಗಿನ ಕುಲಾಧಿಪತಿ ಜಾನ್ ಶಾರ್ಪ್ ಈ ಹೊಸ ಕೋಚ್‌ಗೆ ರಾಷ್ಟ್ರೀಯ ಚಾಂಪಿಯನ್‌ಶಿಪ್‌ನ ಫಲಕವೊಂದನ್ನು ಕಾಣಿಕೆ ಕೊಟ್ಟರು. ಅದರಲ್ಲಿ ವರ್ಷದ ಜಾಗ ಖಾಲಿ ಬಿಟ್ಟಿದ್ದರು, ಗೆದ್ದ ಮೇಲೆ ತುಂಬಲಿಕ್ಕೆ. ಅದನ್ನು ತುಂಬುವ ಸಂದರ್ಭ ಬರಲಿಲ್ಲ.

ಸೋತ ಜೂಜುಗಳ ಪಟ್ಟಿ ಮಾಡಿದರೆ ಮುಗಿಯದು, ಆದರೆ ಮೂಲಪುರುಷನೊಬ್ಬನನ್ನು ಹೆಸರಿಸಲೇಬೇಕು. 2005ರ ಅಕ್ಟೋಬರ್‌ನಲ್ಲಿ ನೋಟರ್ ಡೇಮ್‌ನ ಹೊಸ ಕೋಚ್ ಚಾರ್ಲಿ ವೈಸ್ ತಂಡ ಅಂದಿನ ಅಗ್ರ ತಂಡವಾದ ಸದರ್ನ್ ಕ್ಯಾಲಿಫೋರ್ನಿಯಾ ಎದುರು ಕೊನೆಯ ಕ್ಷಣದಲ್ಲಿ 31–34ರಿಂದ ಸೋತಿತು. ಸೋತಿದ್ದು ಅಷ್ಟು ಚೆಂದವಾಗಿತ್ತೆಂದು ಆ ತಿಂಗಳು ಮುಗಿಯುವುದರೊಳಗೆ ಹತ್ತು ವರ್ಷದ ಹೊಸ ಒಪ್ಪಂದ ಕೊಟ್ಟರು. ಅದು ಅವರ ಮೊದಲ ಸೀಸನ್, ಇನ್ನೂ ಅರ್ಧಕ್ಕೆ ಬಂದಿತ್ತಷ್ಟೆ. 2009ರಲ್ಲಿ ತೆಗೆದರು. ಖಾಸಗಿ ವಿಶ್ವವಿದ್ಯಾಲಯವಾದ್ದರಿಂದ ಒಪ್ಪಂದ ಬಹಿರಂಗವಿರಲಿಲ್ಲ, ಆದರೆ ವರ್ಷ ವರ್ಷ ಸಲ್ಲಿಸುವ ತೆರಿಗೆ ಪತ್ರಗಳಲ್ಲಿ ಲೆಕ್ಕ ಹೊರಬಂತು: 2015ರವರೆಗೆ ಕೊಡುತ್ತಾ ಹೋಗಿ ಒಟ್ಟು ಸುಮಾರು 1.9 ಕೋಟಿ ಡಾಲರ್. ನಡುವೆ ವೈಸ್ ಕ್ಯಾನ್ಸಸ್ ವಿಶ್ವವಿದ್ಯಾಲಯದ ಕೋಚ್ ಆದರು, 2014ರಲ್ಲಿ ಅಲ್ಲಿಂದಲೂ ತೆಗೆದರು. ಹೀಗೆ ಕೆಲಕಾಲ, ಕೋಚಿಂಗ್ ಮಾಡದೇ ಇರಲು ಎರಡು ವಿಶ್ವವಿದ್ಯಾಲಯಗಳಿಂದ ಅವರಿಗೆ ಹಣ ಬರುತ್ತಿತ್ತು.

ಇದರಿಂದ ಯಾರೂ ಪಾಠ ಕಲಿಯದೇ ಇರುವುದಕ್ಕೆ ಬುದ್ಧಿಗೇಡಿತನ ಕಾರಣ ಎಂದು ನನಗನ್ನಿಸುವುದಿಲ್ಲ. ಸಹಿ ಹಾಕುವವರು, ದುಡ್ಡು ಕೊಡುವವರು, ಬಿಲ್ಲು ಬಂದಾಗ ಕುರ್ಚಿಯಲ್ಲಿರುವವರು ಮೂವರೂ ಬೇರೆ ಬೇರೆ. ಫಿಶರ್ ಅವರನ್ನು 2017ರಲ್ಲಿ ಕರೆತಂದದ್ದು ಕ್ರೀಡಾ ನಿರ್ದೇಶಕ ಸ್ಕಾಟ್ ವುಡ್‌ವರ್ಡ್. 2019ರಲ್ಲಿ ಅವರು ಎಲ್‌ಎಸ್‌ಯುಗೆ ಹೋದರು. 2021ರ ವಿಸ್ತರಣೆ ಆದದ್ದು ನಂತರ ಬಂದ ರಾಸ್ ಬ್ಯೋರ್ಕ್ ಕಾಲದಲ್ಲಿ. ವುಡ್‌ವರ್ಡ್ ತಮ್ಮ ಹಳೆಯ ಕೋಚ್‌ಗೆ ಎಲ್‌ಎಸ್‌ಯುನಿಂದ ಗಾಳ ಹಾಕಿಯಾರು ಎಂಬ ಗುಸುಗುಸು ಆಗಲೇ ಇತ್ತು. ಫಿಶರ್ ಹೋದ ಮರುವರ್ಷವೇ ಬ್ಯೋರ್ಕ್ ಒಹಾಯೊ ಸ್ಟೇಟ್‌ಗೆ, ಇನ್ನೂ ದೊಡ್ಡ ಕುರ್ಚಿಗೆ, ಹೋದರು. ಫಿಶರ್ ಸಿಗದ ವುಡ್‌ವರ್ಡ್ ಕೆಲ್ಲಿಯನ್ನು ತಂದರು. ಕೆಲ್ಲಿ ವಜಾ ಆದಾಗ ಲೂಸಿಯಾನಾ ಗವರ್ನರ್ ಜೆಫ್ ಲ್ಯಾಂಡ್ರಿ ಈ ಎರಡೂ ಒಪ್ಪಂದಗಳನ್ನು ಎತ್ತಿ ತೋರಿಸಿ, ಮುಂದಿನ ಕೋಚ್ ಆಯ್ಕೆಯನ್ನು ವುಡ್‌ವರ್ಡ್ ಕೈಗೆ ಕೊಡುವುದಿಲ್ಲ ಎಂದು ಬಹಿರಂಗವಾಗಿ ಗುಡುಗಿದರು. ವುಡ್‌ವರ್ಡ್ ಅದೇ ವಾರ ಹುದ್ದೆ ಬಿಟ್ಟರು. ಇಷ್ಟೆಲ್ಲ ಆದ ಮೇಲೆ ಎಲ್‌ಎಸ್‌ಯು ಮಾಡಿದ್ದೇನು? ಓಲ್ ಮಿಸ್ ವಿಶ್ವವಿದ್ಯಾಲಯದಿಂದ ಲೇನ್ ಕಿಫಿನ್ ಅವರನ್ನು ಏಳು ವರ್ಷಕ್ಕೆ, ವರ್ಷಕ್ಕೆ ಸುಮಾರು 1.3 ಕೋಟಿ ಡಾಲರ್ ಕೊಟ್ಟು ತಂದಿತು.

ಕ್ರೀಡಾ ನಿರ್ದೇಶಕರ ಜಾಗದಲ್ಲಿ ನಿಂತು ನೋಡಿದರೆ ಲೆಕ್ಕ ಸರಿಯಾಗಿಯೇ ಇದೆ. ಗೆಲ್ಲುತ್ತಿರುವ ಕೋಚ್ ಬೇರೆ ಕಡೆ ಹೋದರೆ ಮಾರನೆಯ ಬೆಳಿಗ್ಗೆಯೇ ದಾನಿಗಳ ಫೋನು, ಪತ್ರಿಕೆಗಳ ಬೈಗುಳ. ವಿಸ್ತರಣೆ ಕೊಟ್ಟರೆ ಇವತ್ತು ಚಪ್ಪಾಳೆ. ಬಿಲ್ಲು ಬರುವುದು ಐದಾರು ವರ್ಷಕ್ಕೆ, ಅಷ್ಟು ಹೊತ್ತಿಗೆ ನಾನೆಲ್ಲೋ. ಕೋಚ್ ಬದಲಿಸಿದ್ದರಿಂದ ಲಾಭವಾಯಿತೇ ಎಂದು ಕೊಲರಾಡೊ ವಿಶ್ವವಿದ್ಯಾಲಯದ ರಾಜ್ಯಶಾಸ್ತ್ರಜ್ಞರು ಲೊಯೋಲಾದ ಒಬ್ಬ ಸಹೋದ್ಯೋಗಿಯೊಂದಿಗೆ ಸೇರಿ ಲೆಕ್ಕ ಹಾಕಿದ್ದುಂಟು. ತೀರಾ ಕೆಟ್ಟದಾಗಿ ಆಡುತ್ತಿದ್ದ ತಂಡಗಳಿಗೆ ಕೋಚ್ ಬದಲಾದದ್ದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನಡುಮಟ್ಟದ ತಂಡಗಳು ಬದಲಿಸದ ತಂಡಗಳಿಗಿಂತ ಹಿಂದೆಯೇ ಬಿದ್ದವು. ತೆಗೆಯಲು ಕೋಟಿ, ತರಲು ಕೋಟಿ, ಉಳಿಸಿಕೊಳ್ಳಲು ಕೋಟಿ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ, ಫೀಸಿನದು. ಫಿಶರ್ ಬಾಕಿಯನ್ನು ಕ್ರೀಡಾ ವಿಭಾಗ ಮತ್ತು ದಾನಿಗಳ ಸಂಸ್ಥೆಯಾದ ಟ್ವೆಲ್ಫ್ತ್ ಮ್ಯಾನ್ ಫೌಂಡೇಶನ್ ಇವೆರಡೇ ಭರಿಸುತ್ತವೆ ಎಂದು ವಿಶ್ವವಿದ್ಯಾಲಯ ಅಂದೇ ಹೇಳಿತ್ತು. ಟಿಕೆಟ್ಟು, ಟಿವಿ, ದಾನ ಇವುಗಳಿಂದ ತನ್ನ ಕಾಲ ಮೇಲೆ ನಿಲ್ಲಬಲ್ಲ ಕೆಲವೇ ಕ್ರೀಡಾ ವಿಭಾಗಗಳಲ್ಲಿ ಅದೂ ಒಂದು. ಆದ್ದರಿಂದ ನೀವು ಕಟ್ಟುವ ಬೋಧನಾ ಶುಲ್ಕ ಅತ್ತ ಹರಿಯುತ್ತಿಲ್ಲ ಎನ್ನಬಹುದು. ದಾನಿಗಳು ಅದೇ ಹಣವನ್ನು ಲೈಬ್ರರಿಗೋ ಪ್ರಯೋಗಾಲಯಕ್ಕೋ ಕೊಡುತ್ತಿದ್ದರೇ ಎಂದು ಕೇಳಿದರೆ, ಬಹುಶಃ ಇಲ್ಲ. ಅವರು ಕೊಡುವುದೇ ಆಟಕ್ಕೆ. ಎಲ್ಲ ಕಡೆಯೂ ಹೀಗಿಲ್ಲ ಎಂಬುದನ್ನೂ ಹೇಳಬೇಕು. ಟಿವಿ ದುಡ್ಡು ಕಾಣದ ಸಣ್ಣ ವಿಶ್ವವಿದ್ಯಾಲಯಗಳಲ್ಲಿ ಆಟದ ಖರ್ಚು ವಿದ್ಯಾರ್ಥಿಗಳ ಫೀಸಿನ ಮೇಲೇ ಬೀಳುತ್ತದೆ. ಸಿಗ್ನೆಟಿ ಇಂಡಿಯಾನಾಗೆ ಬರುವ ಮೊದಲು ಇದ್ದ ಜೇಮ್ಸ್ ಮ್ಯಾಡಿಸನ್ ವಿಶ್ವವಿದ್ಯಾಲಯದ ಕ್ರೀಡಾ ಬಜೆಟ್ಟಿನ ದೊಡ್ಡ ಪಾಲು ಹಾಗೆ ಬಂದದ್ದೇ. ಮಕ್ಕಳನ್ನು ಅಲ್ಲಿಗೆ ಕಳಿಸುವ ನಮ್ಮ ತಂದೆತಾಯಂದಿರು ಫೀಸಿನ ಪಟ್ಟಿಯಲ್ಲಿ ಆ ಸಾಲು ಎಷ್ಟಿದೆ ಎಂದು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಫಿಶರ್ ಜಾಗಕ್ಕೆ ಬಂದವರು ಹಿಂದೆ ಅವರ ಕೈಕೆಳಗೇ ಇದ್ದ ಮೈಕ್ ಎಲ್ಕೊ, ಶುರುವಿಗೆ ವರ್ಷಕ್ಕೆ 70 ಲಕ್ಷ ಡಾಲರ್. ವಿಶ್ವವಿದ್ಯಾಲಯ ಈ ಸಲ ಕೈ ಬಿಗಿ ಹಿಡಿದಿದೆ ಎಂದು ಆಗ ಎಲ್ಲರೂ ಮೆಚ್ಚಿದರು. 2025ರ ಅಕ್ಟೋಬರ್‌ನಲ್ಲಿ ಎಲ್‌ಎಸ್‌ಯುವನ್ನು ಅದರ ಊರಲ್ಲೇ 49–25ರಿಂದ ಸೋಲಿಸಿ ಮಾರನೆಯ ದಿನ ಕೆಲ್ಲಿಯ ಕೆಲಸಕ್ಕೆ ಕುತ್ತು ತಂದದ್ದು ಈ ಎಲ್ಕೊ ತಂಡವೇ. ನವೆಂಬರ್ ಬಂತು, ತಂಡ ಒಂದೂ ಪಂದ್ಯ ಸೋತಿರಲಿಲ್ಲ, ದೇಶದ ತುಂಬ ಕುರ್ಚಿಗಳು ಖಾಲಿ ಇದ್ದವು. ಎಲ್ಕೊಗೆ ವರ್ಷಕ್ಕೆ ಕೋಟಿ ಡಾಲರ್ ಮೀರಿದ ಆರು ವರ್ಷದ ಹೊಸ ಒಪ್ಪಂದವಾಯಿತು. ಆ ತಿಂಗಳ ಕೊನೆಗೆ ಟೆಕ್ಸಸ್ ವಿಶ್ವವಿದ್ಯಾಲಯದ ಎದುರು ಸೋಲು. ಡಿಸೆಂಬರ್‌ನಲ್ಲಿ ಪ್ಲೇಆಫ್‌ನ ಮೊದಲ ಪಂದ್ಯದಲ್ಲೇ, ಕೈಲ್ ಫೀಲ್ಡ್‌ನಲ್ಲೇ, ಮಯಾಮಿ ಎದುರು 3–10ರ ಸೋಲು. ಆ ಒಪ್ಪಂದವೂ 2031ಕ್ಕೇ ಮುಗಿಯುತ್ತದೆ, ಫಿಶರ್‌ಗೆ ಕೊನೆಯ ಕಂತು ಹೋಗುವ ವರ್ಷ.

ನಿಮ್ಮ ಮಗಳಿಗೆ ಆಟ ನೋಡುವ ಮನಸ್ಸಿದ್ದರೆ ಸ್ಪೋರ್ಟ್ಸ್ ಪಾಸ್ ಬೇರೆಯಾಗಿ ಕೊಳ್ಳಬೇಕು. ಆ ಹಣ ಮಾತ್ರ ನೇರ ಕ್ರೀಡಾ ವಿಭಾಗಕ್ಕೇ ಹೋಗುತ್ತದೆ, ಅಲ್ಲಿಂದ ಮುಂದೆ ಯಾರ ಜೇಬಿಗೆಂದು ಇಷ್ಟು ಹೊತ್ತು ಹೇಳಿದ್ದೇನೆ. ಕಾಲಿಗೆ ಒಳ್ಳೆಯ ಶೂ ಹಾಕಿಕೊಂಡು ಹೋಗಲು ಹೇಳಿ. ಆಟ ಮುಗಿಯುವವರೆಗೆ ವಿದ್ಯಾರ್ಥಿಗಳು ಕೂರದೆ ನಿಂತೇ ಇರುವುದು ಆ ಕ್ರೀಡಾಂಗಣದ ಪದ್ಧತಿ.